ಕಾರ್ಡ್ ಬಿಟ್ಟರೆ ವಾಪಸ್ ಕೊಡೋರು ಯಾರು?

ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುವಾಗ ಮೊನ್ನೆ ಮತ್ತೆ ಅದೇ ಮಾತು. "ಬಿಟ್ಟಿ ಅಕ್ಕಿ, ಎರಡು ಸಾವಿರ ಕೊಟ್ಟು ಜನ ಸೋಮಾರಿಗಳಾದ್ರು. ತೋಟಕ್ಕೆ ಒಂದಾಳು ಸಿಗಲ್ಲ." ಹೇಳಿದವರದು ಅಡಿಕೆ ತೋಟ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ. ಅದನ್ನು ಮಾತ್ರ ನಾವು ಬಿಟ್ಟಿ ಅನ್ನಲ್ಲ. ನಮ್ಮ ಮನೆ ಬೋರ್‌ವೆಲ್‌ಗೂ ಬಿಲ್ ಬರಲ್ಲ, ಅದಕ್ಕೇ ನಾನೂ ಜಾಸ್ತಿ ಮಾತಾಡಲಿಲ್ಲ.

ಸೋಮಾರಿತನ ಅನ್ನೋದನ್ನು ಒಪ್ಪಲ್ಲ. ಆದರೆ ಬಿಪಿಎಲ್ ಕಾರ್ಡಿಗೆ ನಮ್ಮ ಮನೆಗಳು ಅಂಟಿಕೊಂಡಿರೋದು ನಿಜ. ಯಾಕೆ ಅಂತ ಗುಬ್ಬಿ ತಾಲ್ಲೂಕಿನ ಒಂದು ಮನೆಯಲ್ಲಿ ಗೊತ್ತಾಯಿತು.

ಮಗ ಐಟಿಐ ಫಿಟ್ಟರ್. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಕೆಲಸ. ಕಂಪನಿ ಲೆಕ್ಕಕ್ಕೆ ತಗೋತೀವಿ, ತಿಂಗಳಿಗೆ 15,000, ಪಿಎಫ್, ಇಎಸ್‌ಐ ಎಲ್ಲಾ ಇರುತ್ತೆ ಅಂದರು. ಹುಡುಗ ಬೇಡ ಅಂದ. ಬೇಡ ಅನ್ನಿಸಿದ್ದು ಅವರಮ್ಮ. ಬಿಪಿಎಲ್‌ಗೆ ಇಡೀ ಮನೆಯ ವರ್ಷದ ಆದಾಯ 1.20 ಲಕ್ಷ ದಾಟುವಂತಿಲ್ಲ. ಅಪ್ಪನ ಹಾರ್ಟ್ ಆಪರೇಷನ್ ಬೆಂಗಳೂರಲ್ಲಿ ಆಗಿದ್ದು ಅದೇ ಕಾರ್ಡಿನ ಮೇಲೆ.

ಇಎಸ್‌ಐ ಬರುತ್ತಲ್ಲಮ್ಮ, ಅದರಲ್ಲೂ ಆಸ್ಪತ್ರೆಗೆ ತೋರಿಸಬಹುದು ಅಂದೆ.

"ಕೆಲ್ಸ ಇರೋಗಂಟ ಅಲ್ವೇನಪ್ಪ ಅದು? ನಾಳೆ ಬಿಡುಸುದ್ರೆ ಕಾರ್ಡ್ ನೀನ್ ಕೊಡುಸ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತುಮಕೂರಿಗೆ ಬಂದು ಒಬ್ಬ ಅಧಿಕಾರಿಯನ್ನು ಕೇಳಿದೆ. "ಹೊಸದಾಗಿ ಅರ್ಜಿ ಹಾಕ್ಲಿ ಬಿಡಿ" ಅಂದರು. ಹೊಸ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಿಮ್ಮೂರಲ್ಲೂ ಇರಬೇಕು, ಕೇಳಿ ನೋಡಿ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದಾಗಿ, ಗಲಾಟೆ ಆದಮೇಲೆ ಸರ್ಕಾರ ವಾಪಸ್ ಕೊಡಬೇಕಾಯಿತು. ಆ ಭಯ ಇನ್ನೂ ಹೋಗಿಲ್ಲ.

1.20 ಲಕ್ಷವನ್ನು 365 ದಿನಕ್ಕೆ ಹಂಚಿ ನೋಡಿ. ಇಡೀ ಮನೆಗೆ ದಿನಕ್ಕೆ ಸುಮಾರು 329 ರೂಪಾಯಿ. 2025-26ರಲ್ಲಿ ನರೇಗಾದ ಒಂದಾಳಿನ ಕೂಲಿಯೇ 370. ಈ ಲೆಕ್ಕದಲ್ಲಿ ಪ್ರಾಮಾಣಿಕವಾಗಿ ದುಡಿಯುವ ಯಾವ ಮನೆ ಬಿಪಿಎಲ್ ಆಗಿ ಉಳಿಯುತ್ತೆ? ಹಾಗಾಗಿ ಎಲ್ಲರೂ ಸುಳ್ಳು ಹೇಳ್ತಾರೆ. ಅಣ್ಣ ತಮ್ಮ ಒಂದೇ ಒಲೆಯಲ್ಲಿ ಉಣ್ತಾರೆ, ಕಾರ್ಡಲ್ಲಿ ಬೇರೆ ಬೇರೆ. ಗೃಹಲಕ್ಷ್ಮಿ ಬಂದಮೇಲೆ ಅತ್ತೆ ಸೊಸೆ ಕೂಡ ಕಾಗದದ ಮೇಲೆ ಬೇರೆ ಮನೆ. ಕಾಗದದಲ್ಲಿ ಶುರುವಾಗಿದ್ದು ಕೆಲವು ಕಡೆ ಅಡುಗೆಮನೆಗೂ ಬಂದಿದೆ, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಆ ಹುಡುಗ ಈಗಲೂ ಕೈಗೆ ಕಾಸು ಇಸ್ಕೊಂಡು ಬರ್ತಾನೆ. ಪೇ ಸ್ಲಿಪ್ ಇಲ್ಲ, ಹೆಣ್ಣಿನ ಕಡೆಯವರು ಮೊದಲು ಕೇಳೋದೇ ಅದನ್ನು. ನಾಳೆ ಮಷೀನಿಗೆ ಬೆರಳು ಸಿಕ್ಕಿದರೆ ಅವನು ಅಲ್ಲಿ ಕೆಲಸ ಮಾಡ್ತಿದ್ದ ಅನ್ನೋಕೆ ಒಂದು ಚೀಟಿ ಇಲ್ಲ. ಅವನ ಹೆಸರಲ್ಲಿ ಕಟ್ಟಬೇಕಾದ ಶೇ 12ರ ಪಿಎಫ್ ಪಾಲು ಉಳಿಯೋದು ಕಂಟ್ರಾಕ್ಟರ್‌ಗೆ. ಬಿಟ್ಟಿ ತಿನ್ನೋರು ಯಾರು ಅಂತ ಟೀ ಅಂಗಡಿಯವರು ಇಲ್ಲಿಂದ ಹುಡುಕಲಿ.

ಸರ್ಕಾರ ಮೊದಲು ಆ 1.20 ಲಕ್ಷದ ಗೆರೆ ಏರಿಸಲಿ. ಕೆಲಸ ಸಿಕ್ಕಿತು ಅಂತ ಕಾರ್ಡ್ ಬಿಟ್ಟುಕೊಟ್ಟ ಮನೆಗೆ, ಆ ಕೆಲಸ ಹೋದರೆ ತಿಂಗಳೊಳಗೆ ಅದೇ ಕಾರ್ಡ್ ವಾಪಸ್ ಸಿಗುತ್ತೆ ಅಂತ ಬರೆದುಕೊಡಲಿ. ಆ ಕಾಗದ ಸಿಕ್ಕ ದಿನ ನಾನೇ ತಗೊಂಡು ಹೋಗಿ ಆ ಅಮ್ಮನಿಗೆ ಓದಿ ಹೇಳ್ತೀನಿ.