ಬಡೇ ಕಾ ಗೋಷ್‌ಗೆ ಅವಸರ ಬೇಡ

"ಹಕೀಮ್ ಸಾಬ್, ಮಕ್ಕಳು ಮನೆಯ ಸಾಲನ್ ಮುಟ್ಟುವುದಿಲ್ಲ. ಚೈನೀಸ್ ಬೇಕಂತೆ. ಮಾಡಿಕೊಡಬಹುದಾ?" ಅಮೃತಾಪುರ, ತರೀಕೆರೆ ಸುತ್ತಲಿನ ತಾಯಂದಿರು ದವಾಖಾನೆಗೆ ಬಂದಾಗ ಔಷಧಿಗಿಂತ ಮೊದಲು ಕೇಳುವ ಪ್ರಶ್ನೆ ಈಗ ಇದು. ಯುನಾನಿ ಹಕೀಮನಾದವನು "ಛೇ, ಬೇಡ" ಎನ್ನುತ್ತಾನೆಂದು ಅವರ ನಿರೀಕ್ಷೆ. ನಾನು "ಧಾರಾಳವಾಗಿ ಮಾಡಿಕೊಡಿ" ಎನ್ನುತ್ತೇನೆ. ಬಡೇ ಕಾ ಗೋಷ್ ಮತ್ತು ತರಕಾರಿಯನ್ನು ಚೀನೀ ರೀತಿಯಲ್ಲಿ ಒಟ್ಟಿಗೆ ಬೇಯಿಸುವುದು ನಮ್ಮ ಎಷ್ಟೋ ಮಾಂಸದಡುಗೆಗಿಂತ ಆರೋಗ್ಯಕರ. ಆದರೆ ಹತ್ತು ನಿಮಿಷದಲ್ಲಿ ದೊಡ್ಡ ಉರಿಯ ಮೇಲೆ ಹುರಿದಿಳಿಸುವ ಚೈನೀಸ್ ಅಲ್ಲ, ನಾಲ್ಕೈದು ಗಂಟೆ ಸಣ್ಣ ಶಾಖದಲ್ಲಿ ಬೇಯುವ ಚೈನೀಸ್.

ನಮಗೆ ಇವತ್ತು ಸಿಗುವ ಮಾಂಸಕ್ಕೆ ಇದೇ ಸರಿಯಾದ ದಾರಿ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. ಮೊದಲು ಸುಗ್ರೀವಾಜ್ಞೆಯಾಗಿ ಬಂದು ನಂತರ ಶಾಸನವಾಯಿತು. ಅದರ ಪ್ರಕಾರ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ತುಂಬದ ಎಮ್ಮೆ, ಕೋಣಗಳನ್ನೂ ಕಡಿಯುವಂತಿಲ್ಲ. ಈ ಕಾಯ್ದೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆಯೇ ಇದೆ. ಬಡವನ ತಟ್ಟೆಯಿಂದ ಅಗ್ಗದ ಪೌಷ್ಟಿಕ ಆಹಾರವೊಂದನ್ನು ಅದು ದೂರ ಮಾಡಿದೆ. ಆದರೆ ಕಾನೂನು ಕಾನೂನೇ. ಪರವಾನಗಿ ಇರುವ ಅಂಗಡಿಯಲ್ಲದೆ ಬೇರೆಲ್ಲೂ ಮಾಂಸ ಕೊಳ್ಳಬೇಡಿ. ಪಶುವೈದ್ಯರ ತಪಾಸಣೆ ಇಲ್ಲದೆ ಕದ್ದು ಕಡಿದ ಪ್ರಾಣಿಗೆ ಯಾವ ಕಾಯಿಲೆ ಇತ್ತೋ ಯಾರಿಗೆ ಗೊತ್ತು? ಅಡುಗೆಮನೆಗೆ ಸಂಬಂಧಿಸಿದಂತೆ ಇದರ ಅರ್ಥ ಇಷ್ಟೇ: ನ್ಯಾಯವಾಗಿ ನಮ್ಮ ಹಂಡಿಗೆ ಬರುವುದು ಮುದಿ ಎಮ್ಮೆಯ ಮಾಂಸ. ಅದರಲ್ಲಿ ಕೊಬ್ಬು ಕಡಿಮೆ, ನಾರು ಹೆಚ್ಚು. ಹುರಿದರೆ ಅದು ಚಪ್ಪಲಿಯ ಚರ್ಮವಾಗುತ್ತದೆ.

ವಯಸ್ಸಾದ ಪ್ರಾಣಿಯ ಸ್ನಾಯುಗಳ ನಡುವಿನ ಕೊಲಾಜೆನ್ ಎಂಬ ಅಂಟುನಾರು ಗಟ್ಟಿಯಾಗಿರುತ್ತದೆ. ಸುಮಾರು 70 ಡಿಗ್ರಿ ದಾಟಿದ ಮೇಲೆ, ನೀರಿನಂಶವಿದ್ದರೆ, ಅದು ಮೆಲ್ಲಮೆಲ್ಲನೆ ಕರಗಿ ಜೆಲಟಿನ್ ಆಗುತ್ತದೆ. ನಿಹಾರಿಯ ರಸ ಬೆರಳಿಗೆ ಅಂಟುವುದು ಇದರಿಂದಲೇ. ಅವಸರದಲ್ಲಿರುವವರು ಎರಡು ಚಮಚ ಅಡುಗೆ ಸೋಡಾ ಹಾಕುತ್ತಾರೆ. ಮಾಂಸ ಮೆತ್ತಗಾಗುತ್ತದೆ ನಿಜ, ಆದರೆ ರುಚಿ ಸಾಬೂನಿನಂತೆ, ಮೇಲೆ ಸೋಡಿಯಂ ಬೇರೆ. ಪ್ರೆಷರ್ ಕುಕ್ಕರಿನಲ್ಲಿ ಹತ್ತು ಹದಿನೈದು ಸೀಟಿ ಹೊಡೆಸಿದರೆ ನಾರು ಕರಗುತ್ತದೆ, ಆದರೆ ಮಾಂಸ ರಸ ಬಿಟ್ಟು ಹಿಂಡಿದ ಬಟ್ಟೆಯಂತಾಗುತ್ತದೆ. ಸಮಯವಿಲ್ಲದ ದಿನ ಕುಕ್ಕರ್ ಬಳಸಿ, ತಪ್ಪೇನಿಲ್ಲ. ಸೋಡಾ ಮಾತ್ರ ಬೇಡ. ಬೇಕಿದ್ದರೆ ಕಾಯಿ ಪಪ್ಪಾಯಿಯ ತುಂಡೊಂದನ್ನು ಅರೆದು ಅರ್ಧ ಗಂಟೆ ಸವರಿಡಿ.

ನಮ್ಮ ವೈದ್ಯ ಪದ್ಧತಿಯ ಹಳೆಯ ಗ್ರಂಥಗಳು ದನದ ಮಾಂಸವನ್ನು 'ಗಲೀಝ್' ಎನ್ನುತ್ತವೆ, ಅಂದರೆ ಜೀರ್ಣಕ್ಕೆ ಭಾರವಾದದ್ದು, ಸೌದಾ ಹೆಚ್ಚಿಸುವಂಥದ್ದು. ಇಬ್ನ್ ಸೀನಾ ಕೂಡ ಅದನ್ನೇ ಬರೆದಿದ್ದಾರೆ. ಇದನ್ನು ಹಿಡಿದುಕೊಂಡು ನನ್ನ ಕೆಲವು ಹಕೀಮ್ ಮಿತ್ರರು ಬಂದ ರೋಗಿಗಳಿಗೆಲ್ಲ "ಬಡಾ ಬಿಡಿ, ಛೋಟಾ ತಿನ್ನಿ" ಎಂದು ಹೇಳಿ ಕಳಿಸುತ್ತಾರೆ. ಕುರಿ ಮಾಂಸದ ಬೆಲೆ ಕೇಳಿದವರು ಹೀಗೆ ಮಾತಾಡುವುದು ಕಷ್ಟ. ನಮ್ಮ ಗ್ರಂಥಗಳು ದೋಷ ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ, 'ಮುಸ್ಲಿಹ್' ಎಂದರೆ ಆ ದೋಷವನ್ನು ತಿದ್ದುವ ವಸ್ತುವನ್ನೂ ಹೇಳುತ್ತವೆ. ಭಾರವಾದ ಮಾಂಸಕ್ಕೆ ಶುಂಠಿ, ಕಾಳುಮೆಣಸು, ಚಕ್ಕೆ, ಸಿರ್ಕಾ. ಅಬ್ಬಾಸಿ ಕಾಲದ ಬಗ್ದಾದಿನಲ್ಲಿ ಸಿಕ್‌ಬಾಜ್ ಎಂಬ ಅಡುಗೆ ಬಹಳ ಪ್ರಸಿದ್ಧವಾಗಿತ್ತು. ಅದು ಮಾಂಸವನ್ನು ಸಿರ್ಕಾದಲ್ಲಿ ತರಕಾರಿಯ ಜೊತೆ ನಿಧಾನವಾಗಿ ಬೇಯಿಸುವ ಅಡುಗೆ. ಸಿರ್ಕಾ ಒಳ್ಳೆಯ ವ್ಯಂಜನವೆಂದು ಪ್ರವಾದಿಯವರು(ಸ) ಮೆಚ್ಚಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇನ್ನು ಚೀನೀ ಅಡುಗೆಯಲ್ಲಿ ಮಾಂಸಕ್ಕೆ ಏನು ಹಾಕುತ್ತಾರೆ ನೋಡಿ: ಶುಂಠಿ, ಬೆಳ್ಳುಳ್ಳಿ, ಮೆಣಸು, ಚಕ್ಕೆ, ನಕ್ಷತ್ರ ಮೊಗ್ಗು, ಸಿರ್ಕಾ. ಹಕೀಮನೊಬ್ಬ ಚೀಟಿ ಬರೆದುಕೊಟ್ಟಂತಿದೆ.

ಚೈನೀಸ್ ಎಂದರೆ ಪರಕೀಯರ ಊಟ ಎಂದು ಮುಖ ತಿರುಗಿಸುವ ಹಿರಿಯರಿಗೂ ಒಂದು ಮಾತು. ಚೀನಾದಲ್ಲಿ ಹುಯಿ ಎಂಬ ಮುಸ್ಲಿಮ್ ಜನಾಂಗವಿದೆ, ಅವರ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ಹಲಾಲ್ ಊಟಕ್ಕೆ ಅಲ್ಲಿ 'ಚಿಂಗ್‌ಝೆನ್' ಎನ್ನುತ್ತಾರೆ, ಶುದ್ಧ ಮತ್ತು ಸತ್ಯ ಎಂದು ಅದರ ಅರ್ಥ. ಇಡೀ ಚೀನಾ ಇಷ್ಟಪಟ್ಟು ತಿನ್ನುವ ಲಾನ್‌ಝೌ ನಗರದ ಬೀಫ್ ನೂಡಲ್ಸ್ ಈ ಹುಯಿ ಮುಸ್ಲಿಮರ ಅಡುಗೆ. ಗಂಟೆಗಟ್ಟಲೆ ಕುದಿಸಿದ ತಿಳಿಯಾದ ಮಾಂಸದ ರಸ, ಅದರಲ್ಲಿ ಮೂಲಂಗಿಯ ಬಿಲ್ಲೆ, ಮೇಲೆ ಹಸಿರು ಸೊಪ್ಪು. ನಮ್ಮ ಬಸ್ ಸ್ಟ್ಯಾಂಡಿನ ಗಾಡಿಗಳ ಮಂಚೂರಿಗೂ ಇದಕ್ಕೂ ಸಂಬಂಧವಿಲ್ಲ. ಮಂಚೂರಿ ಹುಟ್ಟಿದ್ದೇ 1970ರ ದಶಕದ ಮುಂಬೈಯಲ್ಲಿ ಎಂದು ಹೇಳುತ್ತಾರೆ.

ಆ ಗಾಡಿಯ ಚೈನೀಸ್‌ನಲ್ಲಿ ನಾನು ಹೆದರುವುದು ಬಣ್ಣಕ್ಕೆ ಮತ್ತು ಕಪ್ಪಾದ ಎಣ್ಣೆಗೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಆಗ ಪರೀಕ್ಷೆಗೆ ಕಳಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗಳಿಗೂ ನಿಷೇಧ ಬಂತು. ಇಷ್ಟಾದರೂ ಮನೆಯಲ್ಲೇ ಕಬಾಬ್ ಮಾಡುವಾಗ ಕೆಂಪು ಪುಡಿ ಹಾಕುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಇರುವ ನಾಡಿನಲ್ಲಿ ಈ ದಾರಿದ್ರ್ಯ ಯಾಕೋ! ಅಜಿನೊಮೊಟೊ ವಿಷಯದಲ್ಲಿ ಮಾತ್ರ ಜನರ ಭಯ ಅತಿಯಾಯಿತು. ಅಲ್ಪ ಪ್ರಮಾಣದಲ್ಲಿ ಅದು ವಿಷವಲ್ಲ. ಆದರೆ ಗಂಟೆಗಟ್ಟಲೆ ಬೆಂದ ಮಾಂಸದ ರಸಕ್ಕೆ ಅದರ ಅಗತ್ಯವೂ ಇಲ್ಲ.

ನಿಜವಾದ ಅಪಾಯ ಸೋಯಾ ಸಾಸ್‌ನಲ್ಲಿದೆ, ಅದು ನೀರಿನ ರೂಪದ ಉಪ್ಪು. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂಗೂ ಹೆಚ್ಚು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಸೋಯಾ ಸಾಸ್ ಹಾಕಿದ ಅಡುಗೆಗೆ ಬೇರೆ ಉಪ್ಪು ಹಾಕಲೇಬೇಡಿ. ಬಾಟಲಿಯ ಚೀಟಿಯನ್ನೂ ಓದಿ. ಕೆಲವು ಹುದುಗಿಸಿದ ಸಾಸ್‌ಗಳಲ್ಲಿ ಮದ್ಯಸಾರದ ಅಂಶವಿರುತ್ತದೆ, ಹಲಾಲ್ ಗುರುತು ಇರುವುದನ್ನೇ ಕೊಳ್ಳಿ. ಚೀನೀ ಅಡುಗೆ ವಿಧಾನಗಳಲ್ಲಿ 'ಅಡುಗೆ ವೈನ್' ಎಂದು ಬರೆದಿದ್ದರೆ ಆ ಸಾಲನ್ನು ಹೊಡೆದುಹಾಕಿ ಸಿರ್ಕಾ ಮತ್ತು ಚೂರು ಬೆಲ್ಲ ಎಂದು ಬರೆದುಕೊಳ್ಳಿ. ಬೇಯುವಾಗ ಮದ್ಯ ಪೂರ್ತಿ ಆವಿಯಾಗುತ್ತದೆ ಎಂಬ ಮಾತು ನಿಜವಲ್ಲ, ಮುಚ್ಚಳ ಮುಚ್ಚಿ ಬೇಯಿಸುವಲ್ಲಿ ಇನ್ನೂ ಅಲ್ಲ.

ಈಗ ಅಡುಗೆಗೆ ಬರೋಣ. ಒಂದು ಕಿಲೋ ಮೂಳೆಯಿಲ್ಲದ ಮಾಂಸ, ಕಾಲಿನ ಬೋಂಗ್ ಸಿಕ್ಕರೆ ಉತ್ತಮ. ಕಣ್ಣಿಗೆ ಕಾಣುವ ಕೊಬ್ಬನ್ನು ತೆಗೆದು ಎರಡು ಬೆರಳಗಲದ ತುಂಡು ಮಾಡಿ. ಒಂದು ಚಮಚ ಎಣ್ಣೆಯಲ್ಲಿ ತುಂಡುಗಳ ಮೈ ಕಂದಾಗುವಷ್ಟು ಬಾಡಿಸಿ. ಎರಡು ಇಂಚು ಶುಂಠಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಿಕ್ಕ ಚಮಚ ಕುಟ್ಟಿದ ಮೆಣಸು, ಒಂದು ತುಂಡು ಚಕ್ಕೆ, ಒಂದೇ ಒಂದು ನಕ್ಷತ್ರ ಮೊಗ್ಗು, ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಸಿರ್ಕಾ, ಅಡಿಕೆ ಗಾತ್ರದ ಬೆಲ್ಲ, ಒಂದೂವರೆ ಲೋಟ ಬಿಸಿನೀರು. ಸ್ಲೋ ಕುಕ್ಕರಿನ ತಳದಲ್ಲಿ ಕ್ಯಾರೆಟ್, ಮೂಲಂಗಿ ಹಾಸಿ ಮೇಲೆ ಮಾಂಸ ಇಡಿ. ಗೆಡ್ಡೆ ತರಕಾರಿ ಅದರಲ್ಲಿ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತದೆ, ಇದು ಹಲವರಿಗೆ ಆಶ್ಚರ್ಯ. 'ಹೈ'ನಲ್ಲಿ ಐದು ಗಂಟೆ ಅಥವಾ 'ಲೋ'ನಲ್ಲಿ ಎಂಟು ಗಂಟೆ. ಮುಚ್ಚಳ ತೆಗೆದು ಇಣುಕುತ್ತಿದ್ದರೆ ಶಾಖ ಹೊರಟುಹೋಗಿ ಅರ್ಧ ಗಂಟೆ ಹೆಚ್ಚು ಬೇಕಾಗುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಬೀನ್ಸ್, ಎಲೆಕೋಸು, ನೀರಿನಲ್ಲಿ ಕದಡಿದ ಒಂದು ಚಮಚ ಕಾರ್ನ್ ಫ್ಲೋರ್. ದೊಣ್ಣೆಮೆಣಸಿನಕಾಯಿ, ಈರುಳ್ಳಿ ಸೊಪ್ಪು ಕೊನೆಯ ಐದು ನಿಮಿಷಕ್ಕೆ. ಕಿಲೋ ಮಾಂಸಕ್ಕೆ ತರಕಾರಿ ಒಟ್ಟು ಒಂದೂವರೆ ಕಿಲೋ ಇರಲಿ. ನಮ್ಮ ಮನೆಗಳಲ್ಲಿ ಗೋಷ್ ಇದ್ದ ದಿನ ತರಕಾರಿಗೆ ರಜೆ. ಮಲಬದ್ಧತೆ, ಮೂಲವ್ಯಾಧಿ ಎಂದು ಬರುವವರಲ್ಲಿ ಹೆಚ್ಚಿನವರ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಅನ್ನದ ಬದಲು ರಾಗಿ ಮುದ್ದೆಯ ಜೊತೆ ತಿಂದು ನೋಡಿ, ಚೀನಾದವರೂ ಅಸೂಯೆ ಪಡಬೇಕು.

ದುಬೈ, ಸೌದಿಯಿಂದ ಬರುವವರು ಸ್ಲೋ ಕುಕ್ಕರ್ ತಂದು ಅಕ್ಕತಂಗಿಯರಿಗೆ ಉಡುಗೊರೆ ಕೊಡುತ್ತಾರೆ. ಅಂಥದ್ದು ಎಷ್ಟೋ ಮನೆಗಳ ಅಟ್ಟದಲ್ಲಿದೆ, ಇಳಿಸಿ ಬಳಸಿ. 200 ವ್ಯಾಟ್‌ನದ್ದಾದರೆ ಎಂಟು ಗಂಟೆಗೆ ಹೆಚ್ಚೆಂದರೆ 1.6 ಯೂನಿಟ್ ಕರೆಂಟ್. ಆದರೆ ಒಂದು ಎಚ್ಚರಿಕೆ. 5ರಿಂದ 60 ಡಿಗ್ರಿ ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಮಾಂಸದ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ರಾತ್ರಿ ಹಚ್ಚಿ ಮಲಗಿ, ನಡುವೆ ಎರಡು ಮೂರು ಗಂಟೆ ಕರೆಂಟ್ ಹೋಗಿ ಬಂದಿದ್ದರೆ, ಬೆಳಿಗ್ಗೆ ಬಿಸಿಯಾಗಿ ಕಂಡರೂ ಆ ಅಡುಗೆ ತಿನ್ನಬೇಡಿ. ರಮಝಾನಿನಲ್ಲಿ ಸಹರಿಗೆಂದು ಹೀಗೆ ಇಡುವವರು ವಿಶೇಷವಾಗಿ ಗಮನಿಸಬೇಕು. ನೀವು ಎಚ್ಚರವಿರುವ ಹಗಲಿನಲ್ಲಿ ಬೇಯಿಸಿ. ಕರೆಂಟ್ ಹೋದ ಕೂಡಲೇ ಪಾತ್ರೆಗೆ ಬಗ್ಗಿಸಿ ಗ್ಯಾಸ್ ಮೇಲಿಡಿ. ಫ್ರೀಜರಿನ ಗಟ್ಟಿ ಮಾಂಸವನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬಾರದು. ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಡಿ. ಮಾಂಸಕ್ಕೆ ರಾಜ್ಮಾ ಸೇರಿಸುವ ಆಸೆಯಿದ್ದರೆ, ರಾತ್ರಿ ನೆನೆಸಿದ ಕಾಳಿನ ನೀರು ಚೆಲ್ಲಿ ಬೇರೆ ನೀರಿನಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಿ ನಂತರ ಹಾಕಿ. ಹಸಿ ರಾಜ್ಮಾದಲ್ಲಿ ವಾಂತಿ ಭೇದಿ ತರಿಸುವ ವಿಷಾಂಶವಿದೆ, ಸ್ಲೋ ಕುಕ್ಕರಿನ ಸಣ್ಣ ಶಾಖ ಅದನ್ನು ಕೊಲ್ಲುವುದಿಲ್ಲ.

ಇಲ್ಲದವರು ಕೊಳ್ಳಲು ಓಡಬೇಕಿಲ್ಲ. ನಮ್ಮ ದಾದಿ, ನಾನಿಯರು ಸೌದೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಹಂಡಿಯ ಬಾಯಿಗೆ ಹಿಟ್ಟು ಮೆತ್ತಿ ದಮ್ ಕೊಡುತ್ತಿದ್ದದ್ದು ಇದೇ ವಿದ್ಯೆ. ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆಯಲ್ಲಿ, ಅತಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಸಾಕು. ಸಿರ್ಕಾ ಇರುವುದರಿಂದ ಅಲ್ಯೂಮಿನಿಯಂ ಬೇಡ. ತಾಮ್ರದ ದೇಗ್ ಆದರೆ ಕಲಾಯಿ ಹೋಗಿರಬಾರದು, ಹುಳಿಗೆ ತಾಮ್ರ ಬಿಟ್ಟುಕೊಂಡು ಹೊಟ್ಟೆ ಕೆಡಿಸುತ್ತದೆ.

ಇಷ್ಟು ಕಾದು ಮಾಡಿದ್ದನ್ನು ಯಾರು ತಿನ್ನುತ್ತಾರೆ ಎಂಬ ಪ್ರಶ್ನೆಯೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಎಮ್ಮೆ ಮಾಂಸದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವಂಥದ್ದು. ಆದರೂ ದಸ್ತರ್‌ಖ್ವಾನ್ ಎತ್ತುವ ಹೊತ್ತಿಗೆ ಮನೆಯ ಹೆಂಗಸರಿಗೆ ಉಳಿಯುವುದು ರಸ ಮತ್ತು ಒಂದು ಆಲೂಗಡ್ಡೆ. ಗಂಡಸರೇ, ಬಡಿಸುವಾಗಲೇ ಅವರ ಪಾಲನ್ನು ತೆಗೆದಿಡಿ. ಬಸುರಿ, ಬಾಣಂತಿ, ಬೆಳೆಯುವ ಹುಡುಗಿಯರ ಪಾಲು ಮೊದಲು. ತಟ್ಟೆಗೆ ಅರ್ಧ ನಿಂಬೆ ಹಿಂಡಿಕೊಂಡರೆ ತರಕಾರಿಯ ಕಬ್ಬಿಣವೂ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಹೋಗುತ್ತದೆ, ಒಂದು ಗಂಟೆ ಬಿಡಿ.

ದೊಡ್ಡವರು ವಾರಕ್ಕೆ ಬೇಯಿಸಿದ ಕೆಂಪು ಮಾಂಸವನ್ನು 350ರಿಂದ 500 ಗ್ರಾಂ ಮೀರಬಾರದು ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಬಕ್ರೀದಿನ ವಾರದಲ್ಲಿ ನಾವು ಇದನ್ನು ಎರಡೇ ದಿನಕ್ಕೆ ಮುಗಿಸಿಬಿಡುತ್ತೇವೆ! ಮೂತ್ರಪಿಂಡದ ತೊಂದರೆ ಇರುವವರು, ಯೂರಿಕ್ ಆಮ್ಲ ಹೆಚ್ಚಿರುವವರು, ಬಿಪಿ ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು. ಅವರ ಪಾಲಿಗೆ ಸೋಯಾ ಸಾಸ್ ಹಾಕುವ ಮೊದಲೇ ಸ್ವಲ್ಪ ಮಾಂಸವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಡಬಹುದು.

ಉಳಿದ ಸಾಲನ್ನನ್ನು ಕುಕ್ಕರಿನಲ್ಲೇ ಬಿಟ್ಟು ಮಲಗಬೇಡಿ. ಅಗಲವಾದ ಪಾತ್ರೆಗೆ ಹಾಕಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗಿಟ್ಟರೆ ಎರಡು ದಿನ ಬರುತ್ತದೆ. ಮತ್ತೆ ಬಿಸಿ ಮಾಡುವುದು ಗ್ಯಾಸ್ ಮೇಲೆ, ಕುದಿ ಬರುವ ತನಕ. ಬಿಸಿ ಮಾಡಲು ಸ್ಲೋ ಕುಕ್ಕರ್ ಬಳಸಬಾರದು.