ಮುರಿದ ಶಾಕಪ್ಪು, ಮೂರನೆಯ ಉತ್ತರ

ಮೌಂಟನ್ ಬೈಕ್ ಎಂಬ ಹೆಸರಿನಲ್ಲಿ ನಮ್ಮ ನಗರಗಳಲ್ಲಿ ಮಾರಾಟವಾಗುವ ಅಗ್ಗದ ಸೈಕಲ್ಲುಗಳ ಪೈಕಿ ಹೆಚ್ಚಿನವಕ್ಕೆ ಮುಂದಿನ ಶಾಕಪ್ ಅಗತ್ಯವೇ ಇಲ್ಲ. ಅದು ಮುರಿದಾಗ ಇನ್ನೊಂದು ಶಾಕಪ್ ಹುಡುಕಿಕೊಂಡು ಹೊರಡುವ ಮುನ್ನ, ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್ ಹಾಕಿಸಿದರೆ ಸಾಲದೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಪುಣೆಯ ಹವ್ಯಾಸಿ ಸವಾರರ ನಡುವೆ ಈ ಮಾತನ್ನಾಡಿ ಸಾಕಷ್ಟು ಬೈಸಿಕೊಂಡಿದ್ದೇನೆ. ಇಲ್ಲಿ ಸ್ವಲ್ಪ ಸಾವಧಾನವಾಗಿ ಹೇಳಲು ಅವಕಾಶವಿದೆ.

ಮೊದಲು ಪದದ ವಿಷಯ. ಚಕ್ರವನ್ನು ಎರಡೂ ಕಡೆಯಿಂದ ಹಿಡಿದು ಹ್ಯಾಂಡಲ್ಲಿಗೆ ಸೇರಿಸುವ ಭಾಗಕ್ಕೆ ಇಲ್ಲಿನ ಸೈಕಲ್ ಅಂಗಡಿಗಳಲ್ಲಿ ‘ಚಿಮಟಾ’ ಎನ್ನುತ್ತಾರೆ. ಒಲೆಯ ಪಕ್ಕದಲ್ಲಿರುವ ಅದೇ ಚಿಮಟ. ಕನ್ನಡದ ‘ಕವೆ’ ಇದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆಂದು ನನಗನ್ನಿಸುತ್ತದೆ, ಆದರೆ ಊರಿನ ಸೈಕಲ್ ಶಾಪಿನಲ್ಲೂ ‘ಫೋರ್ಕ್’ ಎಂದೇ ಕೇಳಿ ಬೆಳೆದವರು ನಾವು. ಆ ಫೋರ್ಕಿನ ಕಾಲುಗಳಲ್ಲಿ ಸ್ಪ್ರಿಂಗ್ ಸೇರಿದರೆ ಅದು ಶಾಕಪ್ ಆಗುತ್ತದೆ.

ಇದು ಹುಟ್ಟಿದ್ದು ನಿಜವಾದ ಅಗತ್ಯದಿಂದಲೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಆರಂಭವಾದ ಅವರ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್‌ನ ಬ್ರೇಕ್ ಕಾದು, ಅದರೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬದೆ ಮುಂದಿನ ಸುತ್ತಿಲ್ಲ ಎಂಬುದೇ ಆ ಹೆಸರಿನ ಅರ್ಥ. ಹಾಗೆ ಇಳಿದವರ ಸೈಕಲ್ಲುಗಳಿಗೆ ಶಾಕಪ್ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಪಾಲ್ ಟರ್ನರ್ ರೂಪಿಸಿದ ರಾಕ್‌ಶಾಕ್ಸ್‌ನ ಮೊದಲ ಫೋರ್ಕ್ ಪೇಟೆಗೆ ಬಂದದ್ದು 1989ರಲ್ಲಿ. ಮರುವರ್ಷ ಕೊಲೊರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಗ್ರೆಗ್ ಹರ್ಬೋಲ್ಡ್ ಆ ಫೋರ್ಕಿನೊಂದಿಗೇ ಇಳಿಜಾರಿನ ಪಂದ್ಯ ಗೆದ್ದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ವೇಗವಾಗಿ ಇಳಿಯುವವನಿಗೆ ಶಾಕಪ್ ಉಪಕಾರಿ. ಅದನ್ನು ನಾನೂ ಅಲ್ಲಗಳೆಯುವುದಿಲ್ಲ.

ಆದರೆ ಉಪಕಾರಿಯಾದದ್ದು ಬಹು ಬೇಗ ಅಲಂಕಾರವಾಯಿತು. ಒಳ್ಳೆಯ ಶಾಕಪ್ಪಿನಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಒಂದು ಕಾಲಿನಲ್ಲಿ ಗಾಳಿಯೋ ಸುರುಳಿಯೋ ಹೊಡೆತವನ್ನು ನುಂಗುತ್ತದೆ. ಇನ್ನೊಂದರಲ್ಲಿ ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆಯು, ನುಂಗಿದ್ದು ಒಮ್ಮೆಗೇ ಹಿಂದಕ್ಕೆ ಚಿಮ್ಮದಂತೆ ತಡೆಯುತ್ತದೆ. ಈ ಎರಡನೆಯದೇ ಡ್ಯಾಂಪರ್. ಅಗ್ಗದ ಸೈಕಲ್ಲುಗಳ ಶಾಕಪ್ಪಿನಲ್ಲಿ ಸುರುಳಿ ಇರುತ್ತದೆ, ಹೆಸರಿಗೆ ತಕ್ಕ ಡ್ಯಾಂಪರ್ ಮಾತ್ರ ಇರುವುದಿಲ್ಲ. ಫಲವಾಗಿ ಗುಂಡಿಗೆ ಇಳಿದ ಚಕ್ರ ಕುದುರೆಯಂತೆ ಕುಪ್ಪಳಿಸಿ ಮೇಲೇಳುತ್ತದೆ. ಏರಿನಲ್ಲಿ ನಿಂತು ತುಳಿದರೆ ಕಾಲಿನ ಶ್ರಮದ ಒಂದು ಪಾಲು ಸುರುಳಿಯನ್ನು ಒತ್ತುವುದಕ್ಕೇ ಹೋಗುತ್ತದೆ. ಮೇಲಾಗಿ ಎರಡು, ಎರಡೂವರೆ ಕಿಲೋ ಭಾರ. ಅಂಥ ಎಷ್ಟೋ ಸೈಕಲ್ಲುಗಳ ಕೈಪಿಡಿಯಲ್ಲಿ, ಇದನ್ನು ಕಲ್ಲುಮುಳ್ಳಿನ ದಾರಿಯಲ್ಲಿ ಹಾರಿಸಬಾರದು, ಕುಣಿಸಬಾರದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಬೆಟ್ಟದ ಹೆಸರಿಟ್ಟು ಮಾರಿ, ಬೆಟ್ಟಕ್ಕೆ ಒಯ್ಯಬೇಡಿ ಎಂದು ಹೇಳುವ ಈ ನಾಜೂಕು ನನಗೆ ಎಂದೂ ಅರ್ಥವಾಗಿಲ್ಲ.

ಶಾಕಪ್ ಕೆಡುವುದೆಂದರೆ ಒಂದೇ ಬಗೆಯಲ್ಲ. ಎಲ್ಲವನ್ನೂ ‘ಹೋಯಿತು’ ಎಂಬ ಒಂದು ಮಾತಿನಲ್ಲಿ ಮುಗಿಸುವುದರಿಂದಲೇ ಅರ್ಧ ನಷ್ಟವಾಗುತ್ತದೆ. ಧೂಳು ತಡೆಯುವ ಸೀಲ್ ಹರಿದು ಎಣ್ಣೆ ಸೋರುವುದು, ಒಳಗಿನ ಸ್ಪಂಜಿನ ಉಂಗುರ ಒಣಗಿ ಜಾರುವಿಕೆ ಬಿಗಿಯಾಗುವುದು, ಇವು ರೋಗಗಳಲ್ಲ, ನೆಗಡಿ. ಕೆಳಗಿನ ಬೋಲ್ಟು ಬಿಚ್ಚಿ, ಹೊರಗೊಳವೆ ಕಳಚಿ, ಒರೆಸಿ, ಹೊಸ ಎಣ್ಣೆ ಹಾಕಿದರೆ ಮುಗಿಯಿತು. ರಾಕ್‌ಶಾಕ್ಸ್ ತನ್ನ ಹಲವು ಮಾದರಿಗಳಿಗೆ ಇದನ್ನು 50 ಗಂಟೆಗಳ ಸವಾರಿಗೊಮ್ಮೆ ಮಾಡಬೇಕೆಂದೂ, ಡ್ಯಾಂಪರ್ ಬಿಚ್ಚಿ ನೋಡುವುದನ್ನು 200 ಗಂಟೆಗೊಮ್ಮೆ ಮಾಡಬೇಕೆಂದೂ ಹೇಳುತ್ತದೆ. ದಿನಕ್ಕೊಂದು ಗಂಟೆ ಸೈಕಲ್ ತುಳಿಯುವವನಿಗೆ ಇದು ಎರಡು ತಿಂಗಳಿಗೊಮ್ಮೆ ಬರುವ ಕೆಲಸ. ನಮ್ಮಲ್ಲಿ ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಜುಲೈ ತಿಂಗಳ ಪುಣೆಯ ಕೆಸರು ಮಾತ್ರ ತನ್ನ ಪಾಡಿಗೆ ಸೀಲ್ ಸಂದಿಯಲ್ಲಿ ಇಳಿಯುತ್ತಿರುತ್ತದೆ.

ಒಳಗೊಳವೆಯ ಹೊಳಪಿಗೆ ತುಕ್ಕು ಹಿಡಿದರೆ, ಅಥವಾ ಉಗುರಿಗೆ ಸಿಗುವಷ್ಟು ಗೀರು ಬಿದ್ದರೆ ಮಾತು ಬೇರೆ. ಹೊಸ ಸೀಲ್ ಹಾಕಿದರೂ ಆ ಗೀರು ಅದನ್ನು ಕೆಲವೇ ದಿನಗಳಲ್ಲಿ ಕೊಯ್ದುಹಾಕುತ್ತದೆ. ಅದಕ್ಕೂ ಮುಂದಿನದು ಬಿರುಕು. ಅಚ್ಚು ಕೂರುವ ತುದಿಯಲ್ಲಿ, ಬ್ರೇಕ್ ಹಿಡಿದಿರುವ ಚಾಚಿನ ಬುಡದಲ್ಲಿ, ಎರಡೂ ಕಾಲುಗಳನ್ನು ಕೂಡಿಸುವ ಕ್ರೌನಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಆ ಫೋರ್ಕಿನ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಹಳೆಯ ಉಕ್ಕಿನ ಫೋರ್ಕ್ ಮುರಿದರೆ ಗ್ಯಾಸ್ ವೆಲ್ಡಿಂಗ್‌ನವನು ಕೂಡಿಸಿಕೊಡುತ್ತಿದ್ದ, ಅದೇ ಭರವಸೆ ನಮ್ಮಲ್ಲಿ ಇನ್ನೂ ಉಳಿದಿದೆ. ಶಾಕಪ್ಪಿನ ಹೊರಗೊಳವೆ ಎರಕ ಹೊಯ್ದ ಮೆಗ್ನೀಸಿಯಮ್ ಅಥವಾ ಅಲ್ಯುಮಿನಿಯಮ್. ಅದಕ್ಕೆ ರಸ್ತೆಬದಿಯ ಬೆಸುಗೆ ನಿಲ್ಲುವುದಿಲ್ಲ, ನಿಂತಂತೆ ಕಂಡರೂ ನಂಬಬಾರದು. ಚೈನ್ ತುಂಡಾದರೆ ಸೈಕಲ್ ನಿಲ್ಲುತ್ತದೆ, ಹಿಂದಿನ ಚಕ್ರ ಕೆಟ್ಟರೆ ಕುಂಟುತ್ತದೆ. ಮುಂದಿನ ಫೋರ್ಕ್ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ, ಕೈ ಚಾಚಲೂ ಸಮಯವಿರುವುದಿಲ್ಲ. ಆದ್ದರಿಂದ ರಿಪೇರಿಯ ಪರವಾಗಿ ಎಷ್ಟೇ ವಾದಿಸುವ ನಾನು, ಬಿರುಕುಬಿಟ್ಟ ಫೋರ್ಕಿನ ವಿಷಯದಲ್ಲಿ ಮಾತ್ರ ಒಂದು ದಿನವೂ ತಡ ಮಾಡಬಾರದೆನ್ನುತ್ತೇನೆ.

ಹ್ಯಾಂಡಲ್ ಲಟಪಟ ಎಂದರೆ ಶಾಕಪ್ಪೇ ಹೋಯಿತೆಂದು ಹೆದರಬೇಕಿಲ್ಲ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತೂಗಿ ನೋಡಿ. ಬೆರಳನ್ನು ಫ್ರೇಮಿನ ತಲೆಗೊಳವೆಯ ಕೆಳಗಿನ ಬಟ್ಟಲಿನ ಮೇಲಿಟ್ಟಾಗ ಅಲುಗಾಟ ತಿಳಿದರೆ ದೋಷ ಬೇರಿಂಗಿನದು, ಹತ್ತು ನಿಮಿಷದ ಕೆಲಸ. ಸೀಲ್ ಬಳಿ ತಿಳಿದರೆ ಶಾಕಪ್ಪಿನ ಒಳಗಿನ ಬುಷ್ ಸವೆದಿದೆ.

ನನ್ನ 2012ರ ಸೈಕಲ್ಲಿನಲ್ಲಿ ಬಿರುಕು ಕಂಡದ್ದು ಎಡಗಾಲಿನಲ್ಲಿ, ಬ್ರೇಕ್ ಚಾಚಿನ ಬುಡದಲ್ಲಿ. ಅದನ್ನು ಒಯ್ದ ಮೊದಲ ಅಂಗಡಿಯ ಹುಡುಗ ಬಗ್ಗಿಯೂ ನೋಡದೆ ಹೇಳಿದ್ದು, “ಕಾಕಾ, ನವೀನಚ್ ಘ್ಯಾ.” ಹೊಸ ಸೈಕಲ್ಲನ್ನೇ ತೆಗೆದುಕೊಳ್ಳಿ ಎಂದು. ಎರಡನೆಯ ಅಂಗಡಿ ದೊಡ್ಡದು, ಗಾಜಿನ ಗೋಡೆಗಳದ್ದು. ಅಲ್ಲಿ ತೋರಿಸಿದ ಹೊಸ ಶಾಕಪ್ಪಿನ ಬೆಲೆ ನಾನು ಆ ಸೈಕಲ್ಲಿಗೆ ಕೊಟ್ಟಿದ್ದರಲ್ಲಿ ಮೂರರಲ್ಲಿ ಎರಡು ಪಾಲು. ಅದನ್ನೂ ಕೊಟ್ಟೇನೆಂದುಕೊಂಡರೂ ಅದು ನನ್ನ ಫ್ರೇಮಿಗೆ ಕೂರುವಂತಿರಲಿಲ್ಲ.

ಯಾಕೆ ಕೂರದು ಎಂಬುದರಲ್ಲೇ ಇಡೀ ವ್ಯಾಪಾರದ ಸ್ವಭಾವ ಅಡಗಿದೆ. ನನ್ನ ಫ್ರೇಮಿನ ತಲೆಗೊಳವೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ, ಒಂದೂ ಕಾಲರೆ ಇಂಚಿನ ಸ್ಟಿಯರರ್‌ಗೆ ಮಾಡಿದ್ದು. ಈಗಿನ ಒಳ್ಳೆಯ ಫೋರ್ಕುಗಳ ಸ್ಟಿಯರರ್ ಬುಡದಲ್ಲಿ ಒಂದೂವರೆ ಇಂಚಿಗೆ ಅಗಲವಾಗುತ್ತದೆ. ನನ್ನ ಚಕ್ರ 26 ಇಂಚಿನದು. 2013ರ ಆಸುಪಾಸಿನಿಂದ ಮಾರುಕಟ್ಟೆ 27.5 ಮತ್ತು 29ರ ಕಡೆ ವಾಲಿತು. ನನ್ನ ಅಚ್ಚು 9 ಮಿಲಿಮೀಟರಿನದು, ಹಬ್‌ನ ಅಗಲ 100. ಮುಂದೆ 15 ಮಿಲಿಮೀಟರಿನ ಅಚ್ಚು ಬಂತು, ಅದಾದ ಮೇಲೆ ಅದೇ ಅಚ್ಚು 110ರ ಅಗಲಕ್ಕೆ ಹಿಗ್ಗಿತು. ಹೊಸ ಶಾಕಪ್ ಕೊಂಡರೆ ಹೊಸ ಚಕ್ರ ಬೇಕು, ಚಕ್ರ ದೊಡ್ಡದಾದರೆ ಹಿಂದಿನದಕ್ಕೆ ಹೊಂದದು, ಸ್ಟಿಯರರ್ ಹೊಂದಬೇಕಾದರೆ ಫ್ರೇಮೇ ಬೇಕು. ಕೊನೆಗೆ ಆ ಹುಡುಗ ಬಗ್ಗಿ ನೋಡದೆ ಹೇಳಿದ ಮಾತಿಗೇ ಬಂದು ಮುಟ್ಟುತ್ತೇವೆ!

ಈ ಬದಲಾವಣೆಗಳೆಲ್ಲ ಮೋಸವೆಂದು ನಾನು ಹೇಳುವುದಿಲ್ಲ. ಬುಡ ಅಗಲವಾದ ಸ್ಟಿಯರರ್ ನಿಜಕ್ಕೂ ಗಟ್ಟಿ. 29 ಇಂಚಿನ ಚಕ್ರಕ್ಕೆ ಅಗಲವಾದ ಹಬ್ ಬಿಗಿ ಕೊಡುತ್ತದೆ. ಆ ದೊಡ್ಡ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ. ನನ್ನ ತಕರಾರು ಇಷ್ಟೇ: ಹೊಸದನ್ನು ಮಾಡಿದವರು ಹಳೆಯದಕ್ಕೆ ಬಿಡಿಭಾಗ ಕೊಡುವ ಹೊಣೆಯನ್ನು ಯಾಕೆ ಕೈಬಿಟ್ಟರು? ಲೂಧಿಯಾನಾದ ಕಾರ್ಖಾನೆಗಳಿಂದ ಬಂದ ಕಪ್ಪು ಸೈಕಲ್ಲಿಗೆ ಇಂದಿಗೂ ಗುಲ್ಬರ್ಗದಲ್ಲೋ ಸೊಲ್ಲಾಪುರದಲ್ಲೋ ಫೋರ್ಕ್ ಸಿಗುತ್ತದೆ. ಆ ಸೈಕಲ್ಲಿನ ಬಗ್ಗೆ ನನಗೆ ಕುರುಡು ಮೋಹವೇನಿಲ್ಲ. ಅದರ ಸಲಾಕೆಯ ಬ್ರೇಕು ಮಳೆಯಲ್ಲಿ ಹಿಡಿಯುತ್ತಿದ್ದುದು ದೇವರ ಮೇಲೆ ಭಾರ ಹಾಕಿದಾಗ ಮಾತ್ರ. ಆದರೆ ಯಾರು ಮಾಡಿದ ಚಿಮಟಾ ಯಾರು ಮಾಡಿದ ಫ್ರೇಮಿಗಾದರೂ ಹೊಂದುತ್ತಿತ್ತು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ 2022ರ ಜುಲೈನಲ್ಲಿ ಒಂದು ಸಮಿತಿ ನೇಮಿಸಿತು. ಮೊದಲಿಗೆ ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಯಂತ್ರಗಳು, ಮೋಟಾರು ವಾಹನ. ಅದರಲ್ಲಿ ಸೈಕಲ್ ಇಲ್ಲ. ಸೈಕಲ್ ಎಂದರೆ ಹೇಗಿದ್ದರೂ ರಿಪೇರಿಯಾಗುವ ವಸ್ತು ಎಂಬ ಹಳೆಯ ತಿಳಿವಳಿಕೆಯೇ ಇದಕ್ಕೆ ಕಾರಣವಿರಬೇಕು. ಆ ತಿಳಿವಳಿಕೆ ಇವತ್ತಿನ ಶಾಕಪ್ಪಿಗೆ ಅನ್ವಯಿಸುವುದಿಲ್ಲ. ಇರುವ ನಾಲ್ಕರ ಜೊತೆ ಅದನ್ನೂ ಸೇರಿಸಬೇಕು. ಕೊಳ್ಳುವಾಗಲೇ ಸ್ಟಿಯರರ್, ಅಚ್ಚು, ಹಬ್ಬಿನ ಅಗಲ, ಬ್ರೇಕ್ ಬಗೆ ಈ ನಾಲ್ಕನ್ನೂ ಬಿಲ್ಲಿನ ಮೇಲೆ ಬರೆದುಕೊಡಬೇಕೆಂಬಷ್ಟಾದರೂ ನಿಯಮ ಬೇಕು. ಅದು ಬರುವವರೆಗೆ ನಾವೇ ಕೇಳಿ ಬರೆಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮೂರನೆಯ ಉತ್ತರ ಸಿಕ್ಕಿದ್ದು ಪೇಟೆಯ ಒಳಗಲ್ಲಿಯ ಒಂದು ಸಣ್ಣ ಅಂಗಡಿಯಲ್ಲಿ. ಆ ಹಿರಿಯರು ಮೊದಲು ಕೇಳಿದ್ದು, “ಎಲ್ಲೆಲ್ಲಿ ಓಡಿಸ್ತೀರಿ?” ಎಂದು. ಆಫೀಸು, ಭಾನುವಾರ ವೇತಾಳ ಟೇಕಡಿ, ತಿಂಗಳಿಗೊಮ್ಮೆ ಸಿಂಹಗಡ ಎಂದೆ. “ಹಾಗಾದರೆ ಇದು ಯಾಕೆ ಬೇಕು?” ಎಂದರು. ನೇರ ಸ್ಟಿಯರರ್‌ನ, ಡಿಸ್ಕ್ ಬ್ರೇಕಿಗೆ ಚಾಚಿರುವ ಉಕ್ಕಿನ ಗಟ್ಟಿ ಫೋರ್ಕನ್ನು ಅವರೇ ತರಿಸಿಕೊಟ್ಟರು. ಬೆಲೆ ಆ ಗಾಜಿನ ಅಂಗಡಿಯ ಶಾಕಪ್ಪಿನ ಐದನೆಯ ಒಂದು ಪಾಲಿಗೂ ಕಡಿಮೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಗಟ್ಟಿ ಫೋರ್ಕ್ ಎಂದು ಸಿಕ್ಕಿದ್ದನ್ನು ಹಾಕಿಸಬಾರದು. ಅಚ್ಚಿನಿಂದ ಕ್ರೌನಿನವರೆಗಿನ ಉದ್ದ, ಸವಾರ ಕೂತಾಗ ಕುಗ್ಗಿದ ಹಳೆಯ ಶಾಕಪ್ಪಿನ ಉದ್ದಕ್ಕೆ ಹತ್ತಿರವಾಗಿರಬೇಕು. ಇಪ್ಪತ್ತು ಮಿಲಿಮೀಟರ್ ಕಡಿಮೆಯಾದರೆ ತಲೆಗೊಳವೆ ಸುಮಾರು ಒಂದು ಡಿಗ್ರಿ ನೆಟ್ಟಗಾಗಿ, ಇಳಿಜಾರಿನಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಸ್ಟಿಯರರ್ ಕತ್ತರಿಸುವವರು ಹಳೆಯದನ್ನು ಪಕ್ಕದಲ್ಲಿಟ್ಟು ಎರಡು ಸಲ ಅಳೆಯಲಿ. ಉದ್ದವಾದದ್ದನ್ನು ಮೊಟಕು ಮಾಡಬಹುದು, ಮೊಟಕಾದದ್ದು ಬೆಳೆಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಫೋರ್ಕ್ ಕೊಳ್ಳುವವರೂ ಮೊದಲು ನೋಡಬೇಕಾದದ್ದು ಇದನ್ನೇ. ಜೋಡಿಸುವಾಗ ಮೇಲಿನ ಮುಚ್ಚಳದ ಬೋಲ್ಟಿನಿಂದ ಬೇರಿಂಗಿನ ಸಡಿಲ ತೆಗೆದು, ಅನಂತರವೇ ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಬೋಲ್ಟುಗಳನ್ನು ಬಿಗಿಯಬೇಕು. ಕ್ರಮ ತಿರುಗುಮುರುಗಾದರೆ ಬೇರಿಂಗ್ ಸಡಿಲವಾಗಿಯೇ ಉಳಿಯುತ್ತದೆ.

ಶಾಕಪ್ ಇಲ್ಲದೆ ಮಣಿಕಟ್ಟು ಉಳಿಯುತ್ತದೆಯೇ ಎಂದು ಸ್ನೇಹಿತರು ಕೇಳುತ್ತಾರೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗಲೇ ಸೈಕಲ್ಲಿಗೆ ಶಾಕಪ್ ಬಂತೆಂದು ನಾನು ಉತ್ತರಿಸುತ್ತೇನೆ. ದಪ್ಪ ಟೈರಿನಲ್ಲಿ ಗಾಳಿ ಹದವಾಗಿದ್ದರೆ ಟೇಕಡಿಯ ಸಡಿಲ ಕಲ್ಲುಗಳಿಗೆ ಅದು ಸಾಕು. ದೊಡ್ಡ ಬಂಡೆಗಳಿಂದ ಜಿಗಿಯುವವರು, ಪಂದ್ಯಕ್ಕೆ ಹೋಗುವವರು ಒಳ್ಳೆಯ ಶಾಕಪ್ಪನ್ನೇ ಕೊಂಡು, 50 ಗಂಟೆಗೊಮ್ಮೆ ಬಿಚ್ಚಿ ನೋಡಲಿ. ಅವರಿಗೂ ನನಗೂ ಜಗಳವಿಲ್ಲ.

ಗಟ್ಟಿ ಫೋರ್ಕಿನ ಮೇಲೆ ಎರಡು ಮಳೆಗಾಲ ಕಳೆದಿವೆ. ಸೈಕಲ್ಲಿನ ಮುಂಭಾಗ ಒಂದು ಕಿಲೋಗಿಂತ ಹೆಚ್ಚು ಹಗುರಾಗಿದೆ, ಏರಿನಲ್ಲಿ ಅದು ತಕ್ಷಣ ಗೊತ್ತಾಗುತ್ತದೆ. ಸಿಂಹಗಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬರುವಾಗ ಮಾತ್ರ ಹದಿನೈದು ನಿಮಿಷದ ಮೇಲೆ ಅಂಗೈ ಜುಮ್ಮೆನ್ನುತ್ತದೆ. ಅದಕ್ಕಾಗಿ ದಪ್ಪ ರಬ್ಬರಿನ ಹಿಡಿ ಹಾಕಿಸಿದ್ದೇನೆ. ಮುಂದಿನ ಟೈರಿನ ಗಾಳಿಯನ್ನು 35ರಿಂದ 28 ಪಿಎಸ್‌ಐಗೆ ಇಳಿಸಿ ನೋಡುತ್ತಿದ್ದೇನೆ.