ಸ್ಕ್ಯಾನ್ ನಾರ್ಮಲ್, ತಲೆನೋವು ಹೋಗಿಲ್ಲ

ಸಂಜೆ ಹೊತ್ತು ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಸೈಕಲ್ ಹೊಡೆಯುವುದೆಂದರೆ ಗಿರ್ಮಿಟ್ ಗಾಡಿಗಳ ನಡುವೆ ದಾರಿ ಹುಡುಕುವುದು. ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ ಅಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ನಾಲ್ಕನೇ ದಿನ ತರಗತಿಗೆ ಬಂದವನು, 'ಓದಾಕ ಕುಂತ್ರ ತಲಿ ನೋಯ್ತೈತ್ರಿ ಸರ' ಎಂದ. ಕಿರುಪರೀಕ್ಷೆ ತಪ್ಪಿಸುವ ನೆಪವೆಂದು ಗದರಿಸಿದೆ. ವಿಜ್ಞಾನ ಕಲಿಸುವವನು ಹಾಗೆ ಮಾಡಬಾರದಿತ್ತು.

ಸಿ.ಟಿ. ಸ್ಕ್ಯಾನ್ ತೋರಿಸುವುದು ಮುಖ್ಯವಾಗಿ ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಸೌಮ್ಯ ಪೆಟ್ಟಿನಲ್ಲಿ ಕೆಡುವುದು ಹೆಚ್ಚಾಗಿ ಮಿದುಳಿನ ಕೆಲಸ. ತಲೆ ಅದುರಿದಾಗ ನರಕೋಶದೊಳಗಿನ ಪೊಟ್ಯಾಸಿಯಂ ಹೊರಕ್ಕೂ, ಹೊರಗಿನ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ. ಅವನ್ನು ಮರಳಿ ಸ್ವಸ್ಥಾನಕ್ಕೆ ತಳ್ಳಲು ಕೋಶಕ್ಕೆ ಹೆಚ್ಚು ಗ್ಲೂಕೋಸ್ ಬೇಕು; ಆದರೆ ಆಗಲೇ ರಕ್ತದ ಪೂರೈಕೆ ತಗ್ಗಿರುತ್ತದೆ. ಖರ್ಚು ಏರಿ ಸಂಬಳ ಇಳಿದ ಮನೆಯ ಸ್ಥಿತಿ. ತಲೆನೋವು, ಮಂಕು, ಸಿಡುಕು ಬಾರದೆ ಇದ್ದೀತೆ?

ಹಾಗೆಂದು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಸಲ್ಲದು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ ಪಡೆದ ಎಳೆಯರೇ, ಒಂದೆರಡು ದಿನ ಮಲಗಿ ಮೆಲ್ಲಗೆ ಚಟುವಟಿಕೆಗೆ ಮರಳಿದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು. ಎರಡು ದಿನ ಆರಾಮ, ಮೊಬೈಲ್ ದೂರ. ಆಮೇಲೆ ನಡಿಗೆ, ಸ್ವಲ್ಪ ಓದು. ನೋವು ಜೋರಾದರೆ ಒಂದು ಮೆಟ್ಟಿಲು ಹಿಂದಕ್ಕೆ. ಹುಡುಗನ ಅಜ್ಜಿ ಮೊದಲ ರಾತ್ರಿಯಿಡೀ ಅವನಿಗೆ ನಿದ್ದೆ ಮಾಡಗೊಡಲಿಲ್ಲವಂತೆ. ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆಯೇ ಔಷಧ.

ಹಿಂದೆಯೂ ಪೆಟ್ಟು ತಿಂದವರು, ಅರೆತಲೆನೋವು ಇರುವವರು, ಆತಂಕದ ಸ್ವಭಾವದವರು ನಿಧಾನವಾಗಿ ಚೇತರಿಸುತ್ತಾರೆ. 'ಇದು ಬಹುಮಂದಿಗೆ ಕೆಲವು ವಾರಗಳಲ್ಲಿ ಹೋಗುತ್ತದೆ' ಎಂದು ಮೊದಲೇ ತಿಳಿಸಿ ಹೇಳಿದರೆ ಭಯ ತಗ್ಗಿ ಗುಣವಾಗಲು ನೆರವಾಗುತ್ತದೆ. ನಾನು ಮಾಡಿದ್ದು ಅದರ ತದ್ವಿರುದ್ಧ.

ಗುಣವಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಅವರ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಅವರ ಬದಲು ಚಹಲ್ ಬೌಲ್ ಮಾಡಿದರು. ಆ ನಿಯಮ ಬಂದದ್ದೇ 2019ರಲ್ಲಿ. ಮೋಸವೆಂದು ಗೊಣಗಿದವರಲ್ಲಿ ನಮ್ಮ ಸ್ಟಾಫ್ ರೂಮಿನವರೂ ಇದ್ದರು!

ಪದೇ ಪದೇ ವಾಂತಿ, ಏರುತ್ತಲೇ ಇರುವ ತಲೆನೋವು, ಎಬ್ಬಿಸಲಾಗದ ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು – ಇವು ಕಂಡರೆ ಸ್ಕ್ಯಾನ್ ವರದಿ ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಹುಡುಗ ನಾಲ್ಕನೇ ವಾರದಲ್ಲಿ ಸರಿಹೋದ. ಕಿರುಪರೀಕ್ಷೆಯನ್ನು ಒಬ್ಬನೇ ಕೂತು ಬರೆದ. ಅರ್ಧಕ್ಕೆ ಹೊರಗೆ ಹೋಗಿ ನೀರು ಕುಡಿದು ಬರಲು ನಾನೇ ಹೇಳಿದೆ.